ಬ್ಯಾಲದಹಟ್ಟಿಯ ಏಳನೇ ಪ್ರಶ್ನೆ

ಬ್ಯಾಲದಹಟ್ಟಿ, ಹಿರಿಯೂರು ತಾಲ್ಲೂಕು
14–11–1973

ಏಕಾಂತಮ್ಮಾ,

ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ನೀನು ಮೈಸೂರಿನಿಂದ ಕಳಿಸಿದ ಪಾರ್ಸೆಲ್ಲು ನಿನ್ನೆ ಮುಟ್ಟಿತು. ಪೋಸ್ಟ್‌ಮ್ಯಾನ್ ನಾಗಣ್ಣ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, "ಏನ್ರೀ ಗ್ರಾಮಸೇವಕರೇ, ಯಾರದೋ ಲಗ್ನಪತ್ರಿಕೆ ಕಟ್ಟು ಇದ್ದಂಗೈತೆ" ಅಂದ. "ಅಲ್ಲಪ್ಪ, ರೀಸರ್ಚು" ಅಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿದೆ ಅಂತ ಎದೆ ಮುಟ್ಟಿ ಹೇಳಲಾರೆ. ಆದರೆ ರಿಟೈರಾಗಿ ಇಷ್ಟು ವರ್ಷವಾದ ಮೇಲೂ ಒಬ್ಬ ಮನುಷ್ಯ ಗ್ರಾಮಸೇವಕರೇ ಅಂತ ಕೂಗಿದ್ದು ಕಿವಿಗೆ ಹಿತವಾಯಿತು. ಈಗ ವಿಳಾಸದಲ್ಲಿ ಮೈಸೂರು ರಾಜ್ಯ ಅಂತ ಬರೆಯಬಾರದಂತೆ, ಕರ್ನಾಟಕ ಅನ್ನಬೇಕಂತೆ. ಅದನ್ನೂ ಅವನೇ ಹೇಳಿದ.

ಎಂಬತ್ತು ಫಾರಂ ಇವೆ. ಮನೆಗೊಂದು ಅಂತ ನೀನು ಬರೆದಿದ್ದೀ. ನಮ್ಮ ಹಟ್ಟಿಗೆ ಸರಿಯಾಗಿ ಸಾಲುತ್ತದೆ. ಏನೂ ಯೋಚನೆ ಮಾಡಬೇಡ. ರಾಗಿ ತಳಿ ಹಂಚಿದವನು, ಕಾಂಪೋಸ್ಟ್ ಗುಂಡಿ ತೋಡಿಸಿದವನು, ನನಗೆ ಹದಿನೈದು ಪ್ರಶ್ನೆ ಕೇಳುವುದು ದೊಡ್ಡದಲ್ಲ. ಇಂಟರ್‌ಮೀಡಿಯೆಟ್ಟಿನಲ್ಲಿ ನಮಗೂ ಲಾಜಿಕ್ ಅಂತ ಒಂದು ಸಬ್ಜೆಕ್ಟಿತ್ತು. ಆಲ್ ಮೆನ್ ಆರ್ ಮಾರ್ಟಲ್, ಸಾಕ್ರಟೀಸ್ ಈಸ್ ಎ ಮ್ಯಾನ್, ದೇರ್‌ಫೋರ್... ಅಲ್ಲಿಂದ ಮುಂದೆ ಸಾಕ್ರಟೀಸನಿಗೆ ಏನೋ ಆಗುತ್ತೆ, ಒಳ್ಳೇದಂತೂ ಆಗಲ್ಲ.

ಇಲ್ಲಿ ಎಲ್ಲಾ ಕ್ಷೇಮ. ನಿನ್ನ ದೊಡ್ಡಮ್ಮ ಚಂದ್ರಕ್ಕ ಹೋಗಿ ಬರುವ ಶಿವರಾತ್ರಿಗೆ ಎರಡು ವರ್ಷ. ಅವಳು ಸಾಕಿದ ಆ ಬಿಳಿಗಿವಿ ಕುರಿಯೊಂದು ಉಳಿದುಕೊಂಡಿದೆ. ಹಲ್ಲು ಸವೆದ ಮುದುಕಿ. ಮೇವು ದಂಡ. ಈ ವಾರದ ಸಂತೆಗೆ ಹೊಡೆದುಬಿಡುತ್ತೇನೆ.

ನಿನ್ನ ದೊಡ್ಡಪ್ಪ
ಚಿಕ್ಕತಿಮ್ಮಪ್ಪ


ಮೈಸೂರು
22–11–1973

ದೊಡ್ಡಪ್ಪಾ,

ನಿಮ್ಮ ಕಾಗದ ಓದಿ ಎಷ್ಟು ಸಮಾಧಾನವಾಯಿತು ಗೊತ್ತೇ? ನಾನೇ ಬರಬೇಕಿತ್ತು. ಇಲ್ಲಿ ಬಿ.ಎ. ಮಕ್ಕಳಿಗೆ ಪಾಠ ಹೇಳುವ ಕೆಲಸ ಒಪ್ಪಿಕೊಂಡಿದ್ದೇನೆ, ಸಂಕ್ರಾಂತಿ ಕಳೆಯುವವರೆಗೂ ರಜ ಇಲ್ಲ.

ನನ್ನ ಅಧ್ಯಯನದ ವಿಷಯ ಇಷ್ಟೇ. ಕುರಿ ಸಾಕುವ ಮನೆಗಳಲ್ಲಿ ತೀರ್ಮಾನಗಳನ್ನು ಯಾರು ಮಾಡುತ್ತಾರೆ? ಹದಿನೈದು ಪ್ರಶ್ನೆಗಳಲ್ಲಿ ಏಳನೆಯದೇ ಜೀವ: "ನಿಮ್ಮ ಮನೆಯಲ್ಲಿ ಕುರಿ ಮಾರುವ ತೀರ್ಮಾನ ಯಾರದು?" ಉಳಿದವೆಲ್ಲ ಅದರ ಸುತ್ತ. ಇದು ಮೊದಲ ಹಂತ. ಇದರ ಫಲಿತಾಂಶವನ್ನು ಫೆಬ್ರವರಿ ಕೊನೆಗೆ ಕಮಿಟಿಯ ಮುಂದೆ ಇಡಬೇಕು. ಅವರು ಒಪ್ಪಿದರೆ ಮಾತ್ರ ನನ್ನ ಪಿಎಚ್.ಡಿ. ರಿಜಿಸ್ಟ್ರೇಷನ್ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ. ಅಪ್ಪ ಆಗಲೇ ಹೊಳಲ್ಕೆರೆ ಹೈಸ್ಕೂಲಿನಲ್ಲಿ ಜಾಗ ಖಾಲಿ ಇದೆ, ಬಂದು ಸೇರಿಕೋ ಎನ್ನುತ್ತಿದ್ದಾರೆ.

ನಮ್ಮ ಗೈಡು ಹಾಲಸ್ವಾಮಿಯವರು ಬಹಳ ಕಟ್ಟುನಿಟ್ಟು. ಮಾತು ಕಡಿಮೆ. ಕಾಗದ ಓದುವಾಗ ಕನ್ನಡಕ ಹಣೆಗೇರಿದರೆ ಸಂತೋಷ, ಮೂಗಿಗಿಳಿದರೆ ಕಷ್ಟ.

ಬಿಳಿಗಿವಿ ಇನ್ನೂ ಇದೆಯಾ? ದೊಡ್ಡಮ್ಮ ಅದಕ್ಕೆ ಮುದ್ದೆ ತಿನ್ನಿಸುತ್ತಿದ್ದದ್ದು ನೆನಪಿದೆ.

ನಿಮ್ಮ
ಏಕಾಂತಮ್ಮ


ಬ್ಯಾಲದಹಟ್ಟಿ
9–12–1973

ಏಕಾಂತಮ್ಮಾ,

ಮುಗಿಯಿತು! ಎಂಬತ್ತೂ ತುಂಬಿ ಇವತ್ತು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದ್ದೇನೆ. ಒಂದು ಕಾಟು ಇಲ್ಲ, ಒಂದು ಚಿತ್ತು ಇಲ್ಲ. ನನ್ನ ಅಕ್ಷರ ಮೊದಲಿನಿಂದಲೂ ಗುಂಡಗೆ. ಬಿ.ಡಿ.ಓ. ಸಾಹೇಬರೊಬ್ಬರು "ತಿಮ್ಮಪ್ಪ, ನಿಮ್ಮ ವರದಿ ಓದೋಕಲ್ಲ, ಗೋಡೆಗೆ ನೇತು ಹಾಕೋಕೆ ಚೆಂದ" ಅಂತಿದ್ದರು. ಅದು ಹೊಗಳಿಕೆ ಅಂತಲೇ ಇವತ್ತಿಗೂ ತಿಳಿದಿದ್ದೇನೆ.

ವಿಶೇಷ ಏನೆಂದರೆ ಇಡೀ ಹಟ್ಟಿಯಲ್ಲಿ ಒಂದೇ ಒಂದು ಭಿನ್ನಾಭಿಪ್ರಾಯ ಬರದಂತೆ ನೋಡಿಕೊಂಡಿದ್ದೇನೆ. ಹೇಗೆ ಅಂತ ಸಿಕ್ಕಾಗ ಹೇಳುತ್ತೇನೆ. ನಿನ್ನ ಹಾಲಸ್ವಾಮಿಯವರ ಕನ್ನಡಕ ಹಣೆ ದಾಟಿ ತಲೆಗೇ ಏರಬೇಕು!

ಬಿಳಿಗಿವಿಯನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದೆ. ವ್ಯಾಪಾರಿ ಬಾಯಿ ಬಿಡಿಸಿ ಹಲ್ಲು ನೋಡಿದ, ನನಗೆ ಅವನ ಮುಖ ಸರಿಬರಲಿಲ್ಲ. ವಾಪಸ್ ಹೊಡೆದುಕೊಂಡು ಬಂದೆ. ಮುಂದಿನ ಸಂತೆ ಇದ್ದೇ ಇದೆ.

ದೊಡ್ಡಪ್ಪ


ಮೈಸೂರು
28–12–1973

ದೊಡ್ಡಪ್ಪಾ,

ಫಾರಂಗಳು ಬಂದವು. ಗೈಡ್ ನೋಡಿದರು. ಎಂಬತ್ತರಲ್ಲೂ ಉತ್ತರ ಒಂದೇ ಇರುವುದು ಅವರಿಗೆ ತುಂಬಾ ಆಶ್ಚರ್ಯ ತಂದಿದೆ. ನೀವು ಹೇಗೆ ಕೇಳಿದಿರಿ, ಎಲ್ಲಿ ಕೇಳಿದಿರಿ, ಯಾರು ಉತ್ತರ ಕೊಟ್ಟರು ಎನ್ನುವುದನ್ನು ವಿವರವಾಗಿ ಬರೆಯಬೇಕಂತೆ. ಏನನ್ನೂ ಬಿಡಬೇಡಿ. ಆದಷ್ಟು ಬೇಗ.

ಏಕಾಂತಮ್ಮ


ಬ್ಯಾಲದಹಟ್ಟಿ
3–1–1974

ಏಕಾಂತಮ್ಮಾ,

ನಿನ್ನ ಕಾಗದ ಚಿಕ್ಕದಾದರೂ ಸಂತೋಷ ದೊಡ್ಡದು. ಅಂಥಾ ಗೈಡಿಗೇ ಆಶ್ಚರ್ಯವಾಯಿತಲ್ಲ! ನಾಗಣ್ಣನಿಗೂ ಓದಿ ಹೇಳಿದೆ. ವಿವರ ಕೇಳಿದ್ದೀ, ಕೊಡುತ್ತೇನೆ. ಬೇರೆ ಹುಡುಗರೂ ಕಲಿತುಕೊಳ್ಳಲಿ.

ಮೊದಲು ಮನೆಮನೆಗೆ ಹೋಗೋಣ ಅಂತಲೇ ಹೊರಟೆ. ಮೊದಲ ಮನೆ ಪಾಪಣ್ಣನದು. ಅವನು, "ನಾನೊಬ್ಬನೇ ಹೆಂಗೆ ಹೇಳ್ಲಣ್ಣ? ನಾಳೆ ಹೆಚ್ಚು ಕಮ್ಮಿ ಆದ್ರೆ? ಕಟ್ಟೆ ಮೇಲೆ ಕೇಳಾಣ ನಡಿ" ಅಂದ. ನ್ಯಾಯದ ಮಾತೇ. ನಮ್ಮಲ್ಲಿ ಹೊರಗಿನಿಂದ ಒಂದು ಪ್ರಶ್ನೆ ಬಂತೆಂದರೆ ಅದಕ್ಕೆ ಉತ್ತರ ಕೊಡುವುದು ಬೇವಿನ ಮರದ ಕೆಳಗಿನ ಕಟ್ಟೆ. ಎಲ್ಲಾ ಮನೆಯ ಗಂಡಸರೂ ಕೂತು ಮಾತಾಡಿ ಒಂದಕ್ಕೆ ಬರಬೇಕು. ಬಂದ ಮೇಲೆ ಹಟ್ಟಿಯ ಯಜಮಾನ ಜುಂಜಯ್ಯ ಎಲೆ ಅಡಿಕೆ ಮುಟ್ಟುತ್ತಾನೆ. ಮುಟ್ಟಿದ ಮೇಲೆ ಅದೇ ಎಲ್ಲರ ಮಾತು. ಹಾಗೇ ಮಾಡಿದೆವು.

ಮೊದಲ ಆರು ಪ್ರಶ್ನೆ ಸರಾಗ. ಏಳನೆಯದರಲ್ಲಿ ಗಾಡಿ ಹೂತುಕೊಂಡಿತು ನೋಡು. ಕುರಿ ಮಾರುವ ತೀರ್ಮಾನ ಯಾರದು ಅಂತ ಓದಿದೆ.

"ಇದೂ ಒಂದು ಪ್ರಶ್ನೇನಾ? ನಂದೇ!" ಅಂದ ಪಾಪಣ್ಣ.

ನೀರು ಹೊತ್ತುಕೊಂಡು ಹೋಗುತ್ತಿದ್ದ ಅವನ ಹೆಂಡತಿ ನಿಲ್ಲದೆಯೇ, "ಹೂಂ ಮತ್ತೆ, ಆ ಟಗರು ಹೊಡ್ಕಂಡು ಸಂತೆಗೆ ಹೋಗಿ, ಅರ್ಧ ದಾರಿಯಿಂದ ಮನಿಗೆ ಬಂದು ಮಾರ್ಲಾ ಬ್ಯಾಡ್ವಾ ಅಂತ ಕೇಳಿದ್ಯಲ್ಲ, ಅದೂ ನಿಂದೇ" ಅಂತ ಹೇಳಿಕೊಂಡು ಹೋದಳು. ಕಟ್ಟೆಗೆ ಕಟ್ಟೆಯೇ ನಕ್ಕಿತು. ಒಬ್ಬ ನಮ್ಮನೇಲಿ ನಮ್ಮವ್ವಂದು ಅಂದ. ಇನ್ನೊಬ್ಬ ಅಣ್ಣಂದು ಅಂದ. ಮತ್ತೊಬ್ಬ ಕಾಯಿಲೆ ಬಿದ್ದ ಕುರಿ ನಂದು, ಚೆನ್ನಾಗಿರೋದು ಅವಳದು ಅಂದ. ಊಟದ ಹೊತ್ತು ಮೀರಿತು, ಪಾಪಣ್ಣನಿಗೂ ಇನ್ನೊಬ್ಬನಿಗೂ ಕೈ ಕೈ ಮಿಲಾಯಿಸುವುದೊಂದು ಬಾಕಿ. ಆಗ ಜುಂಜಯ್ಯ ಎದ್ದ.

"ಲೇ, ಕುಂತ್ಕಳ್ರಲೇ. ಕಾಗದದಾಗೆ ಮನಿಗೊಂದು ಮಾತು ಬರೆಸಿದ್ರೆ ಮೈಸೂರಿನೋರು ಏನಂತಾರೆ? ಈ ಹಟ್ಟಿ ಒಡೆದೈತೆ ಅಂತಾರೆ. ತಿಮ್ಮಪ್ಪನ ಮನೆ ಮಗಳ ಮರ್ಯಾದೆ ಪ್ರಶ್ನೆ ಐತೆ. ಒಂದೇ ಮಾತು ಬರೀರಿ, ಮನೆ ಯಜಮಾನಂದು."

ಎಲೆ ಅಡಿಕೆ ಮುಟ್ಟಿದ. ಯುನಾನಿಮಸ್ಲಿ ಪಾಸ್ಡ್! ಆಚೆ ಗೋಡೆ ಮಗ್ಗುಲಲ್ಲಿ ಜುಂಜಯ್ಯನ ಹೆಂಡತಿ ಸಿದ್ದಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ವಯಸ್ಸಾದವಳು, ಕೆಮ್ಮಿರಬೇಕು ಅಂದುಕೊಂಡೆ.

ನಿನ್ನ ಗೈಡು ಒಪ್ಪಿದರೆ ಹೊಸದುರ್ಗ, ಹೊಳಲ್ಕೆರೆ ಕಡೆ ಹಟ್ಟಿಗಳನ್ನೂ ಹೀಗೇ ವಾರಕ್ಕೊಂದರಂತೆ ಮುಗಿಸಿಕೊಡಬಲ್ಲೆ. ಬಸ್ ಚಾರ್ಜು ಬೇಡ.

ಆಶೀರ್ವಾದಗಳೊಂದಿಗೆ
ದೊಡ್ಡಪ್ಪ


ಮೈಸೂರು
12–1–1974

ದೊಡ್ಡಪ್ಪಾ,

ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಹೋದ ಕಾಗದದಲ್ಲೇ ನೇರವಾಗಿ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ಗೈಡ್ ಆಶ್ಚರ್ಯಪಟ್ಟರು ಅಂತ ಬರೆದೆ. ಅವರು ನಿಜವಾಗಿ ಹೇಳಿದ್ದು, "ಇದನ್ನು ಯಾರೋ ಒಬ್ಬರು ಮನೆಯಲ್ಲಿ ಕೂತು ತುಂಬಿದ್ದಾರೆ. ಕಮಿಟಿಯ ಮುಂದೆ ಇಟ್ಟರೆ ನಿನ್ನ ಕತೆ ಅವತ್ತಿಗೇ ಮುಗಿಯುತ್ತೆ" ಅಂತ.

ನಿಮ್ಮ ಉದ್ದನೆಯ ಕಾಗದವನ್ನು ಅವರಿಗೆ ಓದಿ ಹೇಳಿದೆ. ಪಾಪಣ್ಣನ ಟಗರಿನ ಹತ್ತಿರ ಬಂದಾಗ ಅವರೂ ನಕ್ಕರು. ಸುಳ್ಳು ಬರೆದಿಲ್ಲ ಅನ್ನುವುದು ಖಾತ್ರಿಯಾಯಿತು. ಆದರೆ ಕನ್ನಡಕ ಮೂಗಿನ ಮೇಲೇ ಇತ್ತು. "ನಿಜ ಇರಬಹುದಮ್ಮ. ಆದರೆ ಇದು ಎಂಬತ್ತು ಮನೆಯ ಉತ್ತರ ಅಲ್ಲ. ಒಂದು ಕಟ್ಟೆಯ ಉತ್ತರ" ಅಂದರು.

ಮನೆಯೊಳಗೆ ಬೇರೆ ಬೇರೆಯಾಗಿ, ಹೆಂಗಸರನ್ನೂ ಸೇರಿಸಿ ಕೇಳಬೇಕು ಅಂತ ನಾನು ಬರೆಯಲೇ ಇಲ್ಲ. ಗೊತ್ತಿರುತ್ತದೆ ಅಂದುಕೊಂಡೆ. ತಪ್ಪು ನನ್ನದೇ. ದಯವಿಟ್ಟು ಹೊಸದುರ್ಗಕ್ಕೆ ಹೋಗಬೇಡಿ. ಸಾಧ್ಯವಾದರೆ ನಮ್ಮ ಹಟ್ಟಿಯಲ್ಲೇ ಇನ್ನೊಂದು ಸಲ ಮನೆಮನೆಗೆ ಹೋಗಿ ಕೇಳುತ್ತೀರಾ? ಕಮಿಟಿ ಫೆಬ್ರವರಿ ಇಪ್ಪತ್ತೇಳಕ್ಕೆ. ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ.

ಏಕಾಂತಮ್ಮ


ಬ್ಯಾಲದಹಟ್ಟಿ
4–2–1974

ಏಕಾಂತಮ್ಮಾ,

ಉತ್ತರ ತಡವಾಯಿತು. ಇಂಕು ಒಣಗಿಹೋಗಿತ್ತು, ತರಿಸೋಣವೆಂದರೆ ಹಿರಿಯೂರಿಗೆ ಹೋಗುವವರು ಯಾರೂ ಸಿಗಲಿಲ್ಲ. ನಾಗಣ್ಣ ಎರಡು ಸಲ ಕೇಳಿದ, "ಮೈಸೂರಿಗೆ ಏನಾರ ಐತಾ?" ಅಂತ. ಇಲ್ಲ ಅಂದೆ.

ನೀನು ಹೇಳಿದಂತೆ ಮನೆಮನೆಗೆ ಹೋದೆ. ಪಾಪಣ್ಣ ನನ್ನ ಮುಖ ನೋಡಿದ. "ಏನಣ್ಣ ನೀನು? ಯಜಮಾನ ಎಲೆ ಮುಟ್ಟಿ ಆಗೈತೆ. ಈಗ ನಾನು ಬ್ಯಾರೆ ಹೇಳಿದ್ರೆ ಕಟ್ಟೆ ಮಾತು ಮುರಿದಂಗಾಗಲ್ವಾ?" ಅಂದ. ಎರಡನೇ ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಉತ್ತರ ಕೊಡಲಿಲ್ಲ. ಮೂರನೇ ಮನೆಯಲ್ಲಿ ಮಜ್ಜಿಗೆಯೂ ಇಲ್ಲ. ಎಲ್ಲರ ಬಾಯಿಗೂ ಬೀಗ ಹಾಕಿಸಿದವನು ನಾನೇ, ಈಗ ಕೀಲಿಕೈ ಹುಡುಕುತ್ತಾ ತಿರುಗುತ್ತಿದ್ದೇನೆ.

ಕೊನೆಗೆ ಜುಂಜಯ್ಯನ ಹತ್ತಿರವೇ ಹೋದೆ. ಗಂಡಸರೆಲ್ಲ ಕುರಿ ಹೊಡೆದುಕೊಂಡು ಭದ್ರಾ ನಾಲೆ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸೋಕೆ ಹೊರಡುವ ಗಡಿಬಿಡಿಯಲ್ಲಿದ್ದರು. ಅವನು ಕಂಬಳಿ ಕೊಡವುತ್ತಿದ್ದ. ಒಂದೇ ಉತ್ತರ ಬರೆದದ್ದರಿಂದ ಹುಡುಗಿ ಫೇಲಾಗುತ್ತಾಳೆ ಅಂದೆ.

"ಒಗ್ಗಟ್ಟಾಗಿ ಹೇಳಿದ್ದಕ್ಕೆ ಫೇಲಾ? ಅದ್ಯಾವ ಸೀಮೆ ಇಸ್ಕೂಲು?"

"ಮನೆಗೊಂದು ಮಾತು ಬೇಕಂತೆ."

"ಎಲೆ ಮುಟ್ಟಿದ ಕೈ ಇದು. ಇದೇ ಕೈಯಿಂದ ಹೆಂಗೆ ಬಿಡಿಸ್ಲಿ? ಇವತ್ತು ನಿನಗೆ ಬಿಡಿಸಿದ್ರೆ ನಾಳೆ ಹೊಲದ ಬದು ವ್ಯಾಜ್ಯ ತೀರಿಸಿದ್ದೂ ಬಿಡಿಸು ಅಂತ ಬರ್ತಾರೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಸಾಕ್ರಟೀಸ್ ಈಸ್ ಎ ಮ್ಯಾನ್ ಅಂತ ಮನಸ್ಸಿಗೆ ಬಂತು.

ಒಳಗೆ ರಾಗಿ ಕೇರುತ್ತಿದ್ದ ಸಿದ್ದಕ್ಕ ಮೊರ ಕೆಳಗಿಟ್ಟಳು. "ಅಲ್ರೀ, ಅವತ್ತು ಕಟ್ಟೆ ಮ್ಯಾಲೆ ನಾವೇನು ಕುಂತಿದ್ವಾ?" ಅಂದಳು.

"ಹೆಂಗಸರು ಯಾವತ್ತು ಕಟ್ಟೆ ಹತ್ತೀರಿ?" ಅಂದ ಜುಂಜಯ್ಯ.

"ಅದನ್ನೇ ನಾನೂ ಹೇಳಾದು. ಕಟ್ಟೆ ಹತ್ತದೋರ ಬಾಯಿಗೆ ಕಟ್ಟೆ ಮಾತಿನ ಕಟ್ಟು ಹೆಂಗೆ ಬಂತು? ನಿಮ್ಮ ಮಾತು ನಿಮಗಿರ್ಲಿ, ಅದನ್ನ ಯಾರೂ ಮುರಿಯಾದು ಬ್ಯಾಡ. ಹುಡುಗಿ ಬರ್ಲಿ. ಒಲೆ ಮುಂದೆ ಕುಂತ್ಕಳ್ಲಿ. ನಮ್ಮದು ನಾವು ಹೇಳ್ತೀವಿ."

ಜುಂಜಯ್ಯ ಬಹಳ ಹೊತ್ತು ಕಂಬಳಿ ಮಡಿಸಿದ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ. ಆಮೇಲೆ, "ಏನು ಹೇಳ್ತಾರೆ ಅಂತ ನನಗೆ ಗೊತ್ತೈತೆ ಬಿಡು ತಿಮ್ಮಪ್ಪ. ನಾವು ಗುಡ್ಡ ದಾಟಿದ ಮ್ಯಾಲೆ ಹೇಳ್ಲಿ. ಕಿವಿಗೆ ಬೀಳಬಾರದು ಅಷ್ಟೇ" ಅಂದ.

ನಿನ್ನೆ ಮಂದೆ ಹೊರಟಿತು. ಹಟ್ಟಿಯಲ್ಲಿ ಈಗ ಗಂಡಸು ಅಂತ ಇರುವುದು ನಾನು ಮತ್ತು ಶಾಲೆ ಮೇಷ್ಟ್ರು. ನೀನು ತಕ್ಷಣ ಹೊರಟು ಬಾ. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಫಾರಂ ತುಂಬುವುದು ನೀನು. ನಾನು ಪೆನ್ನು ಮುಟ್ಟುವುದಿಲ್ಲ, ಬಾಯಿ ಬಿಡುವುದಿಲ್ಲ, ಹೊಸ್ತಿಲಾಚೆ ಇರುತ್ತೇನೆ.

ಬಿಳಿಗಿವಿಯನ್ನು ಮೊನ್ನೆ ಮತ್ತೆ ಸಂತೆಗೆ ಹೊಡೆದಿದ್ದೆ. ಸೇತುವೆ ಹತ್ತಿರ ಬಿಸಿಲು ಜಾಸ್ತಿಯಾಯಿತು. ವಾಪಸ್ ಬಂದೆವು.

ದೊಡ್ಡಪ್ಪ


ಮೈಸೂರು
1–3–1974

ದೊಡ್ಡಪ್ಪಾ,

ಒಪ್ಪಿದರು! ರಿಜಿಸ್ಟ್ರೇಷನ್ ಖಾಯಂ!

ಮೊನ್ನೆಯೇ ಬರೆಯಬೇಕಿತ್ತು. ಕಮಿಟಿ ಕೋಣೆಯಿಂದ ಹೊರಗೆ ಬಂದು ಒಂದು ಲೋಟ ಕಬ್ಬಿನ ಹಾಲು ಕುಡಿದೆ, ಆಮೇಲೆ ಇನ್ನೊಂದು ಲೋಟ ಕುಡಿದೆ. ಹಾಸ್ಟೆಲ್ಲಿಗೆ ಹೋಗಿ ಮಧ್ಯಾಹ್ನವೇ ಮಲಗಿದವಳು ಎದ್ದಾಗ ದೀಪ ಹಚ್ಚಿದ್ದರು. ನವೆಂಬರಿನಿಂದ ಅಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ.

ನಾನು ಹಟ್ಟಿಗೆ ಬಂದಿದ್ದಾಗ ನೀವು ಹೊಸ್ತಿಲಾಚೆ ಕೂತು ಕಡ್ಡಿ ಮುರಿಯುತ್ತಿದ್ದಿರಲ್ಲ, ಆಗ ಒಳಗೆ ಏನು ನಡೆಯಿತು ಅಂತ ಕೇಳಲೇ ಇಲ್ಲ ನೀವು. ಸ್ವಲ್ಪ ಹೇಳುತ್ತೇನೆ. ಏಳನೇ ಪ್ರಶ್ನೆಗೆ ಸಿದ್ದಕ್ಕ ಅಂದದ್ದು: "ಸಂತೆಗೆ ಹೊಡ್ಕಂಡು ಹೋಗೋದು ಅವನು. ಯಾವುದನ್ನ, ಯಾವಾಗ ಅನ್ನೋದು ನಾನು. ನಾನು ಹೂಂ ಅನ್ನೋವರೆಗೂ ಅವನು ಕುರಿ ಕಿವಿ ಹಿಡಿಯಲ್ಲ. ಹೂಂ ಅಂದ ಮ್ಯಾಲೆ ಕಟ್ಟೆ ಮ್ಯಾಲೆ ಕುಂತು ನಾನೇ ಮಾರಿದೆ ಅಂತಾನೆ. ಅನ್ಲಿ, ಪಾಪ." ಪಾಪಣ್ಣನ ಹೆಂಡತಿ ಟಗರಿನ ಕತೆ ಪೂರ್ತಿ ಹೇಳಿದಳು, ಅದನ್ನು ಕಾಗದದಲ್ಲಿ ಬರೆಯಲಾರೆ. ಎಲ್ಲ ಮನೆಯೂ ಹಾಗಿಲ್ಲ. ಕೆಲವು ಕಡೆ ಅತ್ತೆಯದು, ಕೆಲವು ಕಡೆ ನಿಜವಾಗಿಯೂ ಗಂಡನದೇ. ಒಬ್ಬಾಕೆ ಮಾತ್ರ, "ನನ್ನ ಯಾರೂ ಕೇಳಲ್ಲ ಕಣವ್ವಾ. ನೀನೇ ಮೊದಲು ಕೇಳಿದ್ದು" ಅಂದಳು.

ಹೊಸ ಫಾರಂಗಳನ್ನು ಮೇಜಿನ ಮೇಲಿಟ್ಟಾಗ ಹಾಲಸ್ವಾಮಿಯವರು ಎಲ್ಲಾ ತಿರುವಿ, "ಹಳೇವೆಲ್ಲಿ?" ಅಂತ ಕೇಳಿದರು. ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಬಚ್ಚಿಟ್ಟಿದ್ದೆ. ತಂದುಕೊಟ್ಟೆ. ಅವನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಕನ್ನಡಕ ಮೆಲ್ಲಗೆ ಹಣೆಗೇರಿತು. "ಯಾವುದನ್ನೂ ಬಿಸಾಕಬೇಡ. ಒಂದೇ ಪ್ರಶ್ನೆಗೆ ಒಂದೇ ಹಟ್ಟಿ ಎರಡು ಜಾಗದಲ್ಲಿ ಎರಡು ಉತ್ತರ ಕೊಟ್ಟಿದೆ. ಎರಡೂ ಸುಳ್ಳಲ್ಲ. ಈ ಎರಡರ ನಡುವೆ ಇರೋದೇ ನಿನ್ನ ಥೀಸಿಸ್ಸು" ಅಂದರು. ಹೊಸದುರ್ಗ, ಹೊಳಲ್ಕೆರೆ ಹಟ್ಟಿಗಳಲ್ಲೂ ಹೀಗೇ ಎರಡು ಸಲ ಕೇಳಬೇಕಂತೆ: ಮೊದಲು ಕಟ್ಟೆಯಲ್ಲಿ, ಆಮೇಲೆ ಒಲೆ ಮುಂದೆ. ಕಟ್ಟೆ ಕೆಲಸಕ್ಕೆ ಯಾರು ಬೇಕು ಅಂತ ನಾನು ಹೇಳಬೇಕಿಲ್ಲವಲ್ಲ? ಈ ಸಲ ಬಸ್ ಚಾರ್ಜು ಕೊಡುತ್ತಾರೆ.

ಒಂದು ಮನೆ ಬಾಕಿ ಉಳಿದಿದೆ, ದೊಡ್ಡಪ್ಪ. ನಿಮ್ಮದು. ಮೊದಲನೇ ಸಲದ ಕಟ್ಟಿನಲ್ಲಿ ನಿಮ್ಮ ಮನೆಯ ಫಾರಮ್ಮೂ ಇದೆ. ಎಲ್ಲರ ಹಾಗೆ "ಮನೆ ಯಜಮಾನನದು" ಅಂತ ಗುಂಡಗೆ ಬರೆದಿದ್ದೀರಿ. ಎರಡನೇ ಸಲ ನಿಮ್ಮ ಒಲೆ ಮುಂದೆ ನಾನು ಕೇಳಲಿಲ್ಲ. ಕೇಳುವುದು ಹೇಗೆ ಅಂತ ತಿಳಿಯಲಿಲ್ಲ. ಖಾಲಿ ಫಾರಂ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಮನಸ್ಸಿದ್ದರೆ ತುಂಬಿ.

ಏಕಾಂತಮ್ಮ


ಬ್ಯಾಲದಹಟ್ಟಿ
17–3–1974

ಏಕಾಂತಮ್ಮಾ,

ನಿನ್ನ ಕಾಗದ ಬಂದ ದಿನ ನಾಗಣ್ಣನನ್ನು ಕೂರಿಸಿ ಬೆಲ್ಲದ ಕಾಫಿ ಕೊಟ್ಟೆ. ಅವನು, "ಪಾಸಾ?" ಅಂದ. "ಪಾಸು" ಅಂದೆ. ಇಷ್ಟು ದಿನ ಎದೆ ಮೇಲೆ ಬೀಸುವ ಕಲ್ಲು ಇಟ್ಟಂತಿತ್ತು ಅಂತ ಈಗ ಹೇಳಬಹುದು. ಇಂಕು ಒಣಗಿರಲಿಲ್ಲ ಅಂತಲೂ ಈಗ ಹೇಳಬಹುದು.

ಜುಂಜಯ್ಯ ಮಂದೆ ಬಿಟ್ಟು ಎರಡು ದಿನದ ಮಟ್ಟಿಗೆ ರಾಗಿ ಹಿಟ್ಟಿಗೆ ಬಂದಿದ್ದ. ವಿಷಯ ಹೇಳಿದೆ. "ಆ ಬುಕ್ಕಿನಾಗೆ ನನ್ನ ಹೆಸರು ಮೊದಲು ಬರತೈತಾ?" ಅಂತ ಕೇಳಿದ. ಒಳಗಿಂದ ಸಿದ್ದಕ್ಕ, "ಬರ್ಲಿ ಬಿಡು ತಿಮ್ಮಪ್ಪ. ಹೆಸರು ಅವನದು ಬರ್ಲಿ, ಮಾತು ನಮ್ಮದು ಬರ್ಲಿ" ಅಂದಳು. ಜುಂಜಯ್ಯ ಕೇಳಿಸಲಿಲ್ಲ ಅನ್ನುವವನ ಹಾಗೆ ಕುರಿ ರೊಪ್ಪದ ಕಡೆ ನೋಡಿದ.

ಹೊಸದುರ್ಗಕ್ಕೆ ಯಾವತ್ತು ಹೊರಡಲಿ? ಕೋಟು ಒಗೆದು ಇಟ್ಟಿದ್ದೇನೆ.

ನಿನ್ನ ಫಾರಂ ಹತ್ತು ದಿವಸ ಗೂಡಿನಲ್ಲಿತ್ತು. ಹದಿನಾಲ್ಕು ಪ್ರಶ್ನೆ ಒಂದೇ ಏಟಿಗೆ ತುಂಬಿದೆ. ಏಳನೆಯದು ಬಿಟ್ಟಿದ್ದೆ. ಇರುವುದು ಒಂದು ಕುರಿ, ಇರುವವನು ಒಬ್ಬ ಮನುಷ್ಯ, ತೀರ್ಮಾನ ಯಾರದು ಅಂತ ಯೋಚಿಸುವುದಕ್ಕೇನಿದೆ ಅಂತ ಪೆನ್ನು ತೆಗೆಯುತ್ತಿದ್ದೆ. ಬರೆಯುವುದಕ್ಕೆ ಕೈ ಬರುತ್ತಿರಲಿಲ್ಲ.

ಮೊನ್ನೆ ಬಿಳಿಗಿವಿ ಮರಿ ಹಾಕಿತು. ಹಲ್ಲು ಸವೆದ ಮುದುಕಿ, ಗಬ್ಬ ಅಂತಲೂ ನನಗೆ ಗೊತ್ತಿರಲಿಲ್ಲ, ಮೇದು ಹೊಟ್ಟೆ ಬಂದಿದೆ ಅಂದುಕೊಂಡಿದ್ದೆ. ಸಿದ್ದಕ್ಕ ಬಂದು ನೋಡಿದಳು. ಒಂದು ಕಿವಿ ಬಿಳಿ, ಒಂದು ಕಿವಿ ಕಪ್ಪು. "ಚಂದ್ರಿ ಹೇಳಿರಲಿಲ್ಲೇನೋ ನಿನಗೆ? ಇದು ಈಯೋದು ನಿಲ್ಲಿಸೋವರೆಗೂ ಮಾರಬ್ಯಾಡ ಅಂತ?" ಅಂದಳು. ಹೇಳಿದ್ದಳು. ಆಸ್ಪತ್ರೆಗೆ ಹೊರಡುವ ದಿನ, ಬಸ್ಸು ಹತ್ತುವಾಗ, ಬೇರೆ ಏನನ್ನೂ ಹೇಳದೆ ಅದೊಂದನ್ನೇ ಹೇಳಿದ್ದಳು. ನಾನು ಹೂಂ ಅಂದಿದ್ದೆ, ಮರೆತೂ ಹೋಗಿತ್ತು. ನಾನು ಮರೆತರೂ ಈ ಕಾಲು ಮರೆತಿರಲಿಲ್ಲ ಅಂತ ಕಾಣುತ್ತೆ. ಎರಡು ಸಲ ಸಂತೆಗೆ ಹೋದದ್ದು ನಾನು. ಎರಡು ಸಲವೂ ವಾಪಸ್ ಕರೆಸಿಕೊಂಡದ್ದು ಅವಳು.

ಮರಿ ಎದ್ದು ನಿಂತಿತು. ನಾನು ಒಳಗೆ ಬಂದು ಒಲೆ ಮುಂದೆ ಕೂತು ಏಳನೆಯದನ್ನು ತುಂಬಿದೆ. ಅಕ್ಷರ ಅಷ್ಟು ಗುಂಡಗೆ ಬಂದಿಲ್ಲ. ಹೊಗೆ ಇತ್ತು.

ಪ್ರಶ್ನೆ 7. ನಿಮ್ಮ ಮನೆಯಲ್ಲಿ ಕುರಿ ಮಾರುವ ತೀರ್ಮಾನ ಯಾರದು?

ಚಂದ್ರಕ್ಕನದು.

ಹಾಲಸ್ವಾಮಿಯವರು ಕೇಳಿದರೆ, ಇದು ಕಟ್ಟೆ ಮೇಲೆ ಹೇಳಿದ್ದಲ್ಲ ಅಂತ ಹೇಳು.

ದೊಡ್ಡಪ್ಪ